ಗಣಕಯಂತ್ರದ ದುರಸ್ತಿಯೆಂಬ ವಿದ್ಯಾದಾನ

ಅನ್ನದಾನ ದೊಡ್ಡದು, ವಿದ್ಯಾದಾನ ಅದಕ್ಕಿಂತಲೂ ದೊಡ್ಡದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಅನ್ನದಿಂದಾಗುವ ತೃಪ್ತಿ ಆ ಹೊತ್ತಿನದು. ವಿದ್ಯೆಯಿಂದಾಗುವುದು ಬಾಳಿರುವವರೆಗಿನದು ಎಂಬುದೇ ಆ ಮಾತಿನ ತಾತ್ಪರ್ಯ. ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವುದು ಈ ಎರಡನೆಯ ಬಗೆಯ ದಾನಗಳಲ್ಲಿ ತೀರ ಹೊಸದಾದುದೊಂದನ್ನು. ಕೆಟ್ಟುನಿಂತ ಗಣಕಯಂತ್ರವನ್ನು, ಎಂದರೆ ಜನರು ಬಳಕೆಯಲ್ಲಿ ಕಂಪ್ಯೂಟರೆಂದು ಕರೆಯುವ ಯಂತ್ರವನ್ನು, ಕೂಲಿ ಬಯಸದೆ ದುರಸ್ತಿಮಾಡಿ, ಅದಿಲ್ಲದವರ ಕೈಗೆ ಒಪ್ಪಿಸುವ ಸೇವೆಯೇ ಅದು. ಯಂತ್ರದ ದುರಸ್ತಿಗೂ ವಿದ್ಯಾದಾನಕ್ಕೂ ಏನು ನಂಟೆಂದು ಕೆಲವರು ಕೇಳಬಹುದು. ನಂಟು ಬಲವಾಗಿಯೇ ಇದೆ. ಗಣಕದ ಕಡೆಗೆ ಮನುಷ್ಯರ ಮನಸ್ಸನ್ನು ಎಳೆಯುವ ಶಕ್ತಿ ಯಾವುದೆಂದು ವಿಚಾರಮಾಡುತ್ತ ಹೋದರೆ ಆ ನಂಟು ತಾನಾಗಿಯೇ ಗೋಚರವಾಗುವುದು.

ಯಂತ್ರದ ಮೋಹ ಈ ಕಾಲದ ಹುಡುಗರಿಗೆ ಅಂಟಿದ ಹೊಸ ರೋಗವೆಂದು ಭಾವಿಸಿರುವ ಗೃಹಸ್ಥರು ಒಮ್ಮೆ ರಾಯಚೂರ ಕೋಟೆಯನ್ನು ನೋಡಿ ಬರಬೇಕು. ಕಾಕತೀಯರ ಕಾಲದಲ್ಲಿ, ಕ್ರಿ. ಶ. ೧೨೯೪ರಲ್ಲಿ, ಆ ಕೋಟೆ ಕಟ್ಟಿದುದನ್ನು ತಿಳಿಸುವ ತೆಲುಗು ಶಾಸನ ಅಲ್ಲಿಯ ಗೋಡೆಯೊಳಗೆ ಸೇರಿಸಿದ ಒಂದು ಮಹಾಶಿಲೆಯ ಮೇಲಿದೆ. ಆ ಶಿಲೆಯ ಉದ್ದ ನಲವತ್ತು ಅಡಿಗೂ ಮಿಕ್ಕದ್ದು. ಕಟ್ಟಿಸಿದವರ ಹೆಸರು ಬರೆದಿರುವುದರಲ್ಲಿ ವಿಶೇಷವೇನೂ ಇಲ್ಲ. ಎಲ್ಲ ಶಾಸನಗಳಲ್ಲಿಯೂ ಅದು ಉಂಟು. ಆದರೆ ಅಷ್ಟು ದೊಡ್ಡ ಬಂಡೆಯನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲಾಗಿ ಜಾನುವಾರುಗಳನ್ನು ಹೂಡಿ, ಗಾಲಿಗಳಿಗೆ ಸನ್ನೆಗೋಲು ಕೊಟ್ಟು ಸಾಗಿಸಿದ ಬಗೆಯನ್ನೂ ಅಲ್ಲಿ ಚಿತ್ರವಾಗಿ ಕೊರೆದಿರುವರು. ಕೆಲಸ ಆಯಿತೆಂಬುದನ್ನು ಹೇಳಿದರೆ ಆ ಕುಶಲಿಗರಿಗೆ ಸಾಲದಾಯಿತು. ಹೇಗೆ ಆಯಿತೆಂಬುದನ್ನೂ ಮುಂದಿನವರಿಗೆ ತೋರಿಸಬೇಕೆನ್ನಿಸಿತು. ಈ 'ಹೇಗೆ' ಎಂಬ ಪ್ರಶ್ನೆಯೇ ಯಂತ್ರಕುತೂಹಲದ ತಾಯಿಬೇರು. ಏಳು ನೂರು ವರ್ಷಗಳ ಹಿಂದೆ ಬಂಡಿಯನ್ನು ಕುರಿತು ಕೇಳಿದ ಪ್ರಶ್ನೆಯನ್ನು ಇಂದಿನ ಹುಡುಗಿಯೋ ಹುಡುಗನೋ ಗಣಕವನ್ನು ಕುರಿತು ಕೇಳುತ್ತಿರುವರು, ವ್ಯತ್ಯಾಸ ಅಷ್ಟೇ.

ಅಂದು ಮುಂಬಯಿಯ ಕಡೆಯಿಂದ ಬಂದ ರೈಲುಹಳಿಯೂ ಮದರಾಸಿನ ಕಡೆಯಿಂದ ಬಂದ ರೈಲುಹಳಿಯೂ ೧೮೭೧ರಲ್ಲಿ ಕೂಡಿದ್ದು ಈ ರಾಯಚೂರಿನಲ್ಲಿಯೇ. ಉಗಿಯಂತ್ರದ ಯುಗ ಹೀಗೆ ಊರ ಬಾಗಿಲಿಗೆ ತಾನಾಗಿ ಬಂದು ನಿಂತಿತು. ಗಣಕದ ಯುಗವಾದರೋ ಇಲ್ಲಿಯ ಒಕ್ಕಲಿಗರಿಗೆ ಮೊದಲು ಕಾಣಿಸಿಕೊಂಡದ್ದು ಬಹುಮಟ್ಟಿಗೆ ತಾಲೂಕು ಕಚೇರಿಯ ಕಿಟಕಿಯಲ್ಲಿ. 'ಭೂಮಿ' ಎಂಬ ಯೋಜನೆಯಿಂದ ೨೦೦೨ರ ಹೊತ್ತಿಗೆ ರಾಜ್ಯದ ೧೭೭ ತಾಲೂಕುಗಳಲ್ಲಿ ಸುಮಾರು ೨ ಕೋಟಿ ಪಹಣಿಗಳು ಗಣಕಕ್ಕೆ ಏರಿದುವು. ಮಾನ್ವಿಯ ರೈತನೂ ದೇವದುರ್ಗದ ರೈತನೂ ಕಿಟಕಿಯಲ್ಲಿ ಅಂದಿನ ದರದಂತೆ ೧೫ ರೂಪಾಯಿ ಕೊಟ್ಟು ತಮ್ಮ ಹೊಲದ ಪಹಣಿಯನ್ನು ಪಡೆಯುವಂತಾಯಿತು. ಅದರಿಂದ ಅವರಿಗೆ ಅನುಕೂಲವಾದುದು ನಿಜ. ಆದರೆ ಯಂತ್ರ ಕಿಟಕಿಯ ಆಚೆಗಿತ್ತು, ರೈತ ಈಚೆಗಿದ್ದ. 'ಸರ್ವರ್ ಇಲ್ಲ, ನಾಳೆ ಬಾ' ಎಂದರೆ ಮರುಮಾತಿಲ್ಲದೆ ಹಿಂದಿರುಗಬೇಕು. ಯಂತ್ರದ ಒಳಗೇನು ನಡೆಯುತ್ತದೆ, ಏಕೆ ನಿಂತಿತು, ಯಾರು ಸರಿಮಾಡುವರು ಎಂಬುದೊಂದೂ ಅವನಿಗೆ ತಿಳಿಯುವಂತಿರಲಿಲ್ಲ. ಗಣಕವು ವರಕೊಡುವ, ಕೆಲವೊಮ್ಮೆ ಮುನಿಯುವ, ಒಂದು ದೈವದಂತೆ ಅವನಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಈಗ ಕಾಲ ಮುಂದೆ ಸರಿದಿದೆ. ರಾಯಚೂರಿಗೆಂದೇ ೨೦೧೯ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೊಂದು ಹೈದರಾಬಾದಿನ ಐ. ಐ. ಟಿ. ಯ ಮಾರ್ಗದರ್ಶನದಲ್ಲಿ ಆರಂಭವಾಯಿತು. ದೇಶದ ನಾನಾ ಮೂಲೆಗಳ ಜಾಣ ವಿದ್ಯಾರ್ಥಿಗಳು ಈ ಊರಿನ ಹೆಸರುಹೊತ್ತ ಸಂಸ್ಥೆಯಲ್ಲಿ ಗಣಕಶಾಸ್ತ್ರವನ್ನು ಅಭ್ಯಸಿಸುತ್ತಿರುವರು. ಇದು ಸಂತೋಷದ ಸಂಗತಿ. ಇದೇ ಜಿಲ್ಲೆಯ ಸಾಕ್ಷರತೆ ೨೦೧೧ರ ಜನಗಣತಿಯಲ್ಲಿ ನೂರಕ್ಕೆ ೫೯.೫೬, ರಾಜ್ಯದ್ದು ೭೫.೩೬. ಪ್ರಾದೇಶಿಕ ಅಸಮತೆಯನ್ನು ಪರಿಶೀಲಿಸಿ ೨೦೦೨ರಲ್ಲಿ ವರದಿಯಿತ್ತ ಡಾ|| ನಂಜುಂಡಪ್ಪನವರ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿಟ್ಟಿತು. ರಾಯಚೂರಿನಿಂದ ದೇವದುರ್ಗಕ್ಕಾಗಲಿ ಮಾನ್ವಿಗಾಗಲಿ ಸುಮಾರು ಐವತ್ತು ಕಿಲೋಮೀಟರು, ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ಗಣಕವಿದ್ಯೆಯ ಲೆಕ್ಕದಲ್ಲಿ ಮಾತ್ರ ಆ ದಾರಿ ಇನ್ನೂ ಬಹಳ ಉದ್ದವಾಗಿಯೇ ಉಳಿದಿದೆ.

ಹಾಗಾದರೆ ಜನರನ್ನು ಗಣಕದ ಕಡೆಗೆ ಸೆಳೆಯುವುದು ಯಾವುದು? ಹೊಟ್ಟೆಯ ಪಾಡು ಎಂಬುದು ಎಲ್ಲರೂ ಕೊಡುವ ಮೊದಲ ಉತ್ತರ. ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ದೊಡ್ಡ ಸಂಬಳದ ನೌಕರಿ ಹಿಡಿಯಲೆಂದೇ ತಂದೆತಾಯಿಗಳು ಮಕ್ಕಳನ್ನು ಈ ವಿದ್ಯೆಗೆ ಹಚ್ಚುವರು. ಅದರಲ್ಲಿ ತಪ್ಪಿಲ್ಲ. ಆಟ, ಚಿತ್ರ, ಸಂಗೀತ ಎಂಬುದು ಎರಡನೆಯ ಉತ್ತರ. ಅದೂ ಸಹಜವೇ. ಆದರೆ ಈ ಎರಡೇ ಕಾರಣಗಳಾಗಿದ್ದರೆ ಸಂಬಳ ಬಂದ ಬಳಿಕ ಒಂದು ಬಗೆಯವರೂ, ಆಟ ಬೇಸರವಾದ ಬಳಿಕ ಮತ್ತೊಂದು ಬಗೆಯವರೂ ಗಣಕವನ್ನು ಬಿಡುತ್ತಿದ್ದರು. ರಾತ್ರಿಯೆಲ್ಲ ಎದ್ದಿದ್ದು, ಯಾರೂ ಕೇಳದಿದ್ದರೂ, ಯಾರೂ ಕೊಡದಿದ್ದರೂ, ಒಂದು ತಪ್ಪನ್ನು ಹುಡುಕುತ್ತ ಕುಳಿತುಕೊಳ್ಳುವವರು ಇರುತ್ತಿರಲಿಲ್ಲ. ಅಂಥವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರನ್ನು ಹಿಡಿದಿಟ್ಟಿರುವ ಮೂರನೆಯ ಆಕರ್ಷಣೆಯೊಂದಿದೆ.

ಅದಾವುದೆಂದರೆ, ಗಣಕವು ಪಕ್ಷಪಾತವಿಲ್ಲದೆ ಕಾರಣಕ್ಕೆ ತಕ್ಕ ಕಾರ್ಯವನ್ನು ಮಾಡಿ ತೋರಿಸುವುದು. ಹೇಳಿದ್ದು ಸರಿಯಾಗಿದ್ದರೆ ನಡೆಯುವುದು, ತಪ್ಪಾಗಿದ್ದರೆ ನಿಲ್ಲುವುದು. ಕೇಳುವವನು ಯಾವ ಕುಲದವನು, ಯಾರ ಮಗ, ಎಷ್ಟು ಎಕರೆಯ ಒಡೆಯ ಎಂದು ಅದು ವಿಚಾರಿಸುವುದಿಲ್ಲ. ನಿಂತ ಯಂತ್ರಕ್ಕೆ ಎಲ್ಲಿಯೋ ಒಂದು ಕಾರಣವಿದೆ, ತಾಳ್ಮೆಯಿಂದ ಹುಡುಕಿದರೆ ಅದು ಸಿಕ್ಕೇ ಸಿಕ್ಕುವುದು ಎಂಬ ಭರವಸೆ ಮನುಷ್ಯನಿಗೆ ಬಹುದೊಡ್ಡ ಬಲ. ಬಾಳಿನ ಎಷ್ಟೋ ಕಷ್ಟಗಳಿಗೆ ಕಾರಣ ತಿಳಿಯದು. ತಿಳಿದರೂ ನಮ್ಮ ಕೈಯಲ್ಲಿ ಪರಿಹಾರವಿರದು. ಇಲ್ಲಿ ಎರಡೂ ಉಂಟು. ಒಂದು ಸಲ ಈ ರುಚಿಯನ್ನು ಕಂಡ ಮನಸ್ಸು ಅದನ್ನು ಸುಲಭವಾಗಿ ಬಿಡಲಾರದು.

ಈ ಶಾಸ್ತ್ರದ ಇತಿಹಾಸವನ್ನು ನೋಡಿದರೆ ದುರಸ್ತಿಯೂ ಗಣಕವಿದ್ಯೆಯೂ ಅಕ್ಕತಂಗಿಯರಂತೆ ಜೊತೆಯಾಗಿಯೇ ಬೆಳೆದುವೆಂಬುದು ಗೊತ್ತಾಗುವುದು. ಅಮೇರಿಕೆಯಲ್ಲಿ ೧೯೪೬ರಲ್ಲಿ ಲೋಕದ ಮುಂದಿಟ್ಟ 'ಎನಿಯಾಕ್' ಎಂಬ ಮಹಾಯಂತ್ರದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ವಾಲ್ವುಗಳಿದ್ದುವು. ಅದಕ್ಕೆ ಲೆಕ್ಕದ ಕ್ರಮವನ್ನು ಹೂಡಿಕೊಟ್ಟವರು ಆರು ಮಂದಿ ತರುಣಿಯರು. ಅವರಿಗೆ ಪಾಠ ಹೇಳುವ ಪುಸ್ತಕವಾಗಲಿ ಗುರುವಾಗಲಿ ಇರಲಿಲ್ಲ. ಯಂತ್ರದ ನಕಾಶೆಗಳನ್ನು ಓದಿ ಓದಿ ಅದರ ಒಳಮೈಯನ್ನು ತಿಳಿದುಕೊಂಡ ಅವರು, ಯಂತ್ರ ತಪ್ಪಿದಾಗ ಕೆಟ್ಟ ವಾಲ್ವು ಯಾವುದೆಂಬುದನ್ನು ಸಹ ಹುಡುಕಿ ಹೇಳಬಲ್ಲವರಾದರು. ಹೆಣ್ಣುಮಕ್ಕಳಿಗೆ ಯಂತ್ರವಿದ್ಯೆ ಹಿಡಿಸದೆಂದು ಹೇಳುವವರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಮರುವರ್ಷ, ೧೯೪೭ರ ಸೆಪ್ಟೆಂಬರಿನಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮತ್ತೊಂದು ಗಣಕ ನಿಂತಾಗ, ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿಕೊಂಡ ಒಂದು ಪತಂಗ ಕಾಣಿಸಿತು. ಅವರು ಅದನ್ನು ತೆಗೆದು ದಿನಚರಿಯ ಪುಸ್ತಕದಲ್ಲಿ ಅಂಟಿಸಿ, ಹುಳು ನಿಜವಾಗಿ ಸಿಕ್ಕಿದ್ದು ಇದೇ ಮೊದಲು ಎಂಬ ಅರ್ಥದಲ್ಲಿ ವಿನೋದವಾಗಿ ಬರೆದಿಟ್ಟರು. ಗಣಕದ ತಪ್ಪನ್ನು ಹುಳುವೆಂದು ಕರೆಯುವ ಇಂಗ್ಲಿಷರ ವಾಡಿಕೆ ಅದಕ್ಕೂ ಹಳೆಯದು. ಆ ಪತಂಗದಿಂದ ಅದಕ್ಕೊಂದು ಕಥೆ ದೊರೆಯಿತು.

ಇನ್ನೊಂದು ಉದಾಹರಣೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಸುಮಾರು ೧೯೮೦ರಲ್ಲಿ ಅಮೇರಿಕೆಯ ಎಂ. ಐ. ಟಿ. ಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಎಂಬವರ ಪ್ರಯೋಗಶಾಲೆಗೆ ಹೊಸ ಮುದ್ರಣಯಂತ್ರವೊಂದು ಬಂದಿತು. ಅದರಲ್ಲಿ ಕಾಗದ ಮೇಲಿಂದ ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಯಂತ್ರಕ್ಕೆ ಅವರೇ ಒಂದು ಉಪಾಯ ಮಾಡಿದ್ದರು. ಕಾಗದ ಸಿಕ್ಕಿದೊಡನೆ ಕಾಯುತ್ತಿರುವವರಿಗೆ ಸುದ್ದಿ ಹೋಗುವಂತೆ ತಂತ್ರಾಂಶವನ್ನು ತಿದ್ದಿದ್ದರು. ಹೊಸದಕ್ಕೂ ಹಾಗೆಯೇ ಮಾಡಹೋದರೆ ಅದರ ತಂತ್ರಾಂಶದ ಮೂಲವನ್ನು ಕೊಡಲು ನಿರಾಕರಣೆಯಾಯಿತು. ತನ್ನ ಮುಂದಿರುವ ಯಂತ್ರವನ್ನು ತಾನೇ ದುರಸ್ತಿಮಾಡಿಕೊಳ್ಳುವ ಹಕ್ಕು ಇಲ್ಲದೆ ಹೋಯಿತಲ್ಲ ಎಂಬ ಕೊರಗು ಮುಂದೆ ಒಂದು ಚಳವಳಿಗೆ ಪ್ರೇರಣೆಯಾಯಿತು. ೧೯೮೩ರಲ್ಲಿ ಅವರು ಎಲ್ಲರೂ ತೆರೆದು ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಗಳ ಕಾರ್ಯವನ್ನು ಘೋಷಿಸಿದರು. ೧೯೯೧ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಕೇವಲ ಹವ್ಯಾಸವೆಂದು ಹೇಳಿಕೊಂಡು ಬರೆದ ಲಿನಕ್ಸ್ ಅದಕ್ಕೆ ಜೊತೆಗೂಡಿತು. ಇಂದು ಹಳೆಯ ಗಣಕಗಳಿಗೆ ಜೀವ ಕೊಡುವವರೆಲ್ಲರಿಗೂ ಈ ಲಿನಕ್ಸೇ ಮುಖ್ಯ ಔಷಧ.

ಕನ್ನಡಿಗರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಗಣಕದಲ್ಲಿ ಕನ್ನಡ ಮೂಡದಿದ್ದ ಕಾಲದಲ್ಲಿ, ಅದನ್ನು ಮೂಡಿಸಿಯೇ ತೀರಬೇಕೆಂಬ ಹಟ ತೊಟ್ಟವರಿಂದಲೇ ನಮ್ಮ ನುಡಿ ಆ ಯಂತ್ರದೊಳಕ್ಕೆ ಪ್ರವೇಶಿಸಿತು. ಇಂದು ನಾವು ಬಳಸುವ ಸರಕಾರೀ ಕೀಲಿಮಣೆಯ ವಿನ್ಯಾಸಕ್ಕೆ ಶ್ರೀ ಕೆ. ಪಿ. ರಾಯರು ರೂಪಿಸಿದ ವಿನ್ಯಾಸವೇ ಬುನಾದಿ. ಶ್ರೀ ಶೇಷಾದ್ರಿವಾಸು ಅವರು ೧೯೯೮ರಲ್ಲಿ 'ಬರಹ' ತಂತ್ರಾಂಶವನ್ನು ರಚಿಸಿ ಕನ್ನಡಿಗರಿಗೆ ಉಚಿತವಾಗಿ ದೊರೆಯುವಂತೆ ಮಾಡಿದರು. ಲಾಭದ ಆಸೆಯೊಂದರಿಂದಲೇ ಇಂಥ ಕೆಲಸಗಳು ಆಗುವುದಿಲ್ಲ. ಇಲ್ಲದ್ದನ್ನು ಇರುವಂತೆ ಮಾಡಬೇಕು, ಕೆಟ್ಟದ್ದನ್ನು ಸರಿಪಡಿಸಬೇಕು ಎಂಬ ಮನಸ್ಸಿನ ತುಡಿತವೇ ಅವುಗಳ ಮೂಲ.

ಈಗ ದುರಸ್ತಿಯ ವಿಷಯಕ್ಕೆ ಬರೋಣ. ಮಕ್ಕಳ ಕುತೂಹಲ ಎಷ್ಟು ಬಲವಾದುದು, ದುರಸ್ತಿಯಿಲ್ಲದಿದ್ದರೆ ಅದಕ್ಕೆ ಏನಾಗುವುದು ಎಂಬುದನ್ನು ದಿಲ್ಲಿಯಲ್ಲಿ ಆರಂಭವಾದ ಒಂದು ಪ್ರಯೋಗ ತೋರಿಸಿಕೊಟ್ಟಿದೆ. ೧೯೯೯ರಲ್ಲಿ ಶ್ರೀ ಸುಗತ ಮಿತ್ರರು ಅಲ್ಲಿಯ ಕಾಲ್ಕಾಜಿಯಲ್ಲಿ ಕೊಳೆಗೇರಿಯ ಕಡೆಗಿದ್ದ ಗೋಡೆಯೊಂದರಲ್ಲಿ ಕಂಡಿಮಾಡಿ ಗಣಕವನ್ನಿಟ್ಟರು. ಯಾರೂ ಕಲಿಸದಿದ್ದರೂ ಬೀದಿಯ ಮಕ್ಕಳು ಒಬ್ಬರನ್ನೊಬ್ಬರು ನೋಡಿ ಅದನ್ನು ಬಳಸಲು ಕಲಿತರು. ಈ ಸುದ್ದಿ ಲೋಕವಿಖ್ಯಾತವಾಗಿ, ಇಂಥ ಗಣಕಗಳನ್ನು ಬೇರೆ ಅನೇಕ ಊರುಗಳಲ್ಲಿ ಇಟ್ಟರು. ಆದರೆ ಕೆಲವು ವರ್ಷಗಳ ಬಳಿಕ ಹೋಗಿ ನೋಡಿದವರು, ಕೆಲವೆಡೆಗಳಲ್ಲಿ ಅವು ಹಾಳುಬಿದ್ದು ಜನರಿಗೆ ಮರೆತೇಹೋಗಿದ್ದುವೆಂದು ಬರೆದಿರುವರು. ಕುತೂಹಲಕ್ಕೆ ಕೊರತೆಯಿರಲಿಲ್ಲ, ಯಂತ್ರ ನಿಂತರೆ ನೋಡುವವರಿಲ್ಲದ್ದೇ ಕೊರತೆ. ಶಾಲೆಗಳ ಗಣಕದ ಕೋಣೆಗಳಿಗೂ ಇದೇ ಗತಿ ಬರುವುದುಂಟು. ಯೋಜನೆಯೊಂದರಿಂದ ಯಂತ್ರಗಳು ಬರುತ್ತವೆ. ಯೋಜನೆಯ ಅವಧಿ ಮುಗಿದ ಮೇಲೆ ಒಂದೊಂದಾಗಿ ನಿಲ್ಲುತ್ತವೆ. ಕಡೆಗೆ ಕೋಣೆಗೆ ಬೀಗ ಬಿದ್ದು, ಮಕ್ಕಳು ಗಣಕವನ್ನು ಪುಸ್ತಕದ ಚಿತ್ರದಲ್ಲಿ ನೋಡುತ್ತಾರೆ.

ಹೀಗೆ ನಿಂತ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳ ಕಾಯಿಲೆ ಬಹಳ ಚಿಕ್ಕದೆಂಬುದನ್ನು ಕೇಳಿದರೆ ವಾಚಕರಿಗೆ ಆಶ್ಚರ್ಯವಾದೀತು. ರಾಯಚೂರು ಬಿಸಿಲಿನ ಊರು. ಹತ್ತಿಯ ಮತ್ತು ಅಕ್ಕಿಯ ಗಿರಣಿಗಳ ಊರು. ಬೇಸಗೆಯ ಧೂಳೂ ಹತ್ತಿಯ ನಾರೂ ಯಂತ್ರದೊಳಗಿನ ಬೀಸಣಿಗೆಯಲ್ಲಿ ಸೇರಿಕೊಂಡರೆ ಗಾಳಿಯಾಡದೆ ಒಳಗೆ ಕಾವೇರುವುದು. ಕಾವು ಮಿತಿಮೀರಿದೊಡನೆ ತನ್ನನ್ನು ಉಳಿಸಿಕೊಳ್ಳಲು ಯಂತ್ರ ತಾನಾಗಿಯೇ ಆರಿಹೋಗುವುದು. ಮನೆಯವರು ಅದನ್ನು ಸತ್ತಿತೆಂದು ತಿಳಿಯುವರು. ಬೇಕಾದದ್ದು ಒಂದು ಮೆತ್ತನೆಯ ಕುಂಚ ಮತ್ತು ಅರ್ಧ ತಾಸಿನ ತಾಳ್ಮೆ. ಇನ್ನು ಕೆಲವು ಯಂತ್ರಗಳು ಪ್ರತಿಸಲವೂ ತಾರೀಖನ್ನು ಮರೆತು, ಎಷ್ಟೋ ವರ್ಷ ಹಿಂದಿನ ದಿನವನ್ನು ತೋರಿಸುತ್ತ, ಆರಂಭದಲ್ಲಿಯೇ ತಕರಾರು ಹೂಡುವುವು. ಒಳಗಿನ ಹಲಗೆಯ ಮೇಲೆ ನಾಣ್ಯದ ಆಕಾರದ ೩ ವೋಲ್ಟಿನ ಚಿಕ್ಕ ಬ್ಯಾಟರಿಯೊಂದಿದೆ. ಅದು ತೀರಿಹೋಗಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಕೈಗಡಿಯಾರದ ಅಂಗಡಿಯಲ್ಲಿ ಅಲ್ಪ ಬೆಲೆಗೆ ಅದು ದೊರೆಯುವುದು. ಕೆಲವು ಯಂತ್ರಗಳು ಹಚ್ಚಿದೊಡನೆ ಪೀಪಿಯ ಸದ್ದು ಮಾಡಿ ಸುಮ್ಮನಾಗುವುವು. ರ‍್ಯಾಮ್ ಎಂದು ಕರೆಯುವ ಸ್ಮರಣೆಯ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೃದುವಾಗಿ ಒರೆಸಿ, ಮತ್ತೆ ಗಟ್ಟಿಯಾಗಿ ಕೂಡಿಸಿದರೆ ಹಲವು ಸಲ ಅವು ಎಚ್ಚರಗೊಳ್ಳುವುವು. ತಿರುಗುವ ಹಳೆಯ ಡಿಸ್ಕನ್ನು ತೆಗೆದು ಎಸ್. ಎಸ್. ಡಿ. ಎಂಬ ಹೊಸ ಬಗೆಯದನ್ನು ಹಾಕಿದರೆ, ಆಮೆಯಂತೆ ತೆವಳುತ್ತಿದ್ದ ಗಣಕ ಚುರುಕಾಗಿ ಓಡುವುದು.

ಇಲ್ಲಿ ಗೃಹಸ್ಥರಿಗೆ ಎಚ್ಚರಿಕೆಯ ಎರಡು ಮಾತುಗಳನ್ನು ಹೇಳಲೇಬೇಕು. ಯಂತ್ರವನ್ನು ಬಿಚ್ಚುವ ಮುನ್ನ ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತಿರಬೇಕು. ವಿದ್ಯುತ್ತನ್ನು ಒಳಗೆ ಹಂಚುವ ತಗಡಿನ ಪೆಟ್ಟಿಗೆಯನ್ನು ಮಾತ್ರ ಕಲಿಯುವವರು ಎಂದಿಗೂ ಬಿಚ್ಚಬಾರದು. ತಂತಿ ಕಿತ್ತ ಬಳಿಕವೂ ಅದರೊಳಗೆ ಅಪಾಯದ ವಿದ್ಯುತ್ತು ಉಳಿದಿರಬಹುದು. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಅದನ್ನು ಚುಚ್ಚುವುದಾಗಲಿ ಅದುಮುವುದಾಗಲಿ ಕೂಡದು. ಅದಕ್ಕೆ ಬೆಂಕಿ ಹತ್ತಬಹುದು. ಅಂಥದನ್ನು ಬಲ್ಲವರ ಕೈಗೇ ಒಪ್ಪಿಸಬೇಕು.

ಹಣಪಡೆಯದೆ ಇಂಥ ದುರಸ್ತಿ ಮಾಡುವ ಕೂಟಗಳು ಹೊರದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿವೆ. ಅಮೇರಿಕೆಯ ಪೋರ್ಟ್‌ಲೆಂಡ್ ಪಟ್ಟಣದಲ್ಲಿ ೨೦೦೦ದಲ್ಲಿ ಹುಟ್ಟಿದ 'ಫ್ರೀ ಗೀಕ್' ಎಂಬ ಸಂಸ್ಥೆ ಒಂದು ಜಾಣತನದ ನಿಯಮವನ್ನು ತಂದಿತು: ಬಂದವರು ಗೊತ್ತಾದಷ್ಟು ತಾಸು ಅಲ್ಲಿ ಸೇವೆಮಾಡಿದರೆ, ದುರಸ್ತಿಯಾದ ಒಂದು ಗಣಕ ಅವರ ಪಾಲಿಗೆ. ಪಡೆದವರಿಗೆ ಭಿಕ್ಷೆಯೆಂಬ ಸಂಕೋಚವಿಲ್ಲ. ಅದರ ಒಳಗನ್ನು ಬಲ್ಲವರಾದುದರಿಂದ ಕೆಟ್ಟರೆ ಅಂಜಿಕೆಯೂ ಇಲ್ಲ. ೨೦೦೯ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮಾರ್ಟೀನ್ ಪೋಸ್ಟ್ಮಾ ಎಂಬ ಮಹಿಳೆ ಮೊದಲ 'ರಿಪೇರ್ ಕೆಫೆ'ಯನ್ನು ಏರ್ಪಡಿಸಿದರು. ಜನರು ತಮ್ಮ ಮನೆಯ ಕೆಟ್ಟ ಸಾಮಾನುಗಳನ್ನು ತಂದು, ಬಲ್ಲವರ ಪಕ್ಕದಲ್ಲಿ ಕುಳಿತು, ತಾವೂ ಕೈಜೋಡಿಸಿ ಸರಿಪಡಿಸಿಕೊಳ್ಳುವ ಕೂಟ ಅದು. ಈ ಪದ್ಧತಿ ೨೦೧೫ರಲ್ಲಿ ಬೆಂಗಳೂರಿಗೂ ಬಂದಿತು. ಅದಕ್ಕೂ ಮುಂಚೆ ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ, ಸ್ವತಂತ್ರ ತಂತ್ರಾಂಶದ ಚಳವಳಿಯ ತರುಣರು ಅಲ್ಲಿಯ ನಿವಾಸಿಗಳೊಡನೆ ಕೂಡಿ ಅಂಬೇಡ್ಕರರ ಹೆಸರಿನಲ್ಲಿ ಒಂದು ಗಣಕಕೇಂದ್ರವನ್ನು ತೆರೆದರು. ದಾನವಾಗಿ ಬಂದ ಗಣಕಗಳಿಗೆ ಲಿನಕ್ಸನ್ನು ಹಾಕಿ, ರಜದ ದಿನಗಳಲ್ಲಿ ಬಂದು ಮಕ್ಕಳಿಗೆ ಪಾಠ ಹೇಳಿದರು. ಅಲ್ಲಿಯ ಮಕ್ಕಳು ಗಣಕದಲ್ಲಿ ಚಿತ್ರ ಬರೆಯುವುದನ್ನು ಕಲಿತರು. ಬೆಂಗಳೂರಿನ ಕೊಳೆಗೇರಿಯಲ್ಲಿ ಆದದ್ದು ದೇವದುರ್ಗದಲ್ಲಿ ಆಗಬಾರದೇಕೆ?

ಈ ಕಾರ್ಯಕ್ಕೆ ಇದಕ್ಕಿಂತ ತಕ್ಕ ಸಮಯ ಮತ್ತೊಂದಿಲ್ಲವೆಂದು ನಾವು ಹೇಳುವುದಕ್ಕೆ ಕಾರಣವುಂಟು. ಬಹುಮಂದಿಯ ಗಣಕಗಳಲ್ಲಿರುವ ವಿಂಡೋಸ್ ೧೦ ಎಂಬ ತಂತ್ರಾಂಶಕ್ಕೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿದುಹೋಯಿತು. ಅದರ ಮುಂದಿನ ಆವೃತ್ತಿ, ಸುಮಾರು ೨೦೧೭ಕ್ಕಿಂತ ಹಳೆಯವಾದ ಹೆಚ್ಚಿನ ಯಂತ್ರಗಳನ್ನು ಅಧಿಕೃತವಾಗಿ ಒಪ್ಪಿಕೊಳ್ಳುವುದಿಲ್ಲ. ಆದುದರಿಂದ ಕಚೇರಿಗಳೂ ಮನೆಗಳೂ ಗಟ್ಟಿಮುಟ್ಟಾದ ಯಂತ್ರಗಳನ್ನು ಕೇವಲ ಈ ಕಾರಣದಿಂದ ಮೂಲೆಗೆ ತಳ್ಳುತ್ತಿವೆ. ಲಿನಕ್ಸನ್ನು ಹಾಕಿದರೆ ಅವುಗಳಲ್ಲಿ ಬಹುಪಾಲು ಇನ್ನೂ ಹಲವು ವರ್ಷ ಶಾಲೆಯ ಮಕ್ಕಳಿಗೆ ಉಪಯೋಗಕ್ಕೆ ಬರುವುವು. ಹಾಗೆ ಮಾಡದಿದ್ದರೆ ಅವು ಸೇರುವುದು ಕಸಕ್ಕೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, ೨೦೨೨ನೆಯ ಒಂದು ವರ್ಷದಲ್ಲಿ ಲೋಕದಲ್ಲಿ ಉಂಟಾದ ವಿದ್ಯುನ್ಮಾನ ಕಸ ೬ ಕೋಟಿ ೨೦ ಲಕ್ಷ ಟನ್ನು; ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದೆಂದು ಲೆಕ್ಕಕ್ಕೆ ಸಿಕ್ಕಿದ್ದು ನೂರಕ್ಕೆ ೨೨.೩ ಮಾತ್ರ. ಸೀಸದಂಥ ವಿಷಗಳಿರುವ ಆ ಕಸ ಹೊಲ ಬಾವಿಗಳನ್ನು ಸೇರುವುದಕ್ಕಿಂತ, ಯಂತ್ರವಾಗಿಯೇ ಇನ್ನೈದು ವರ್ಷ ಬಾಳುವುದು ಮೇಲಲ್ಲವೆ?

ಇದಕ್ಕೆ ಆಕ್ಷೇಪಗಳೂ ಉಂಟು. ಅವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಉಚಿತವಾಗಿ ದುರಸ್ತಿಮಾಡಿದರೆ ಅದನ್ನೇ ನಂಬಿ ಅಂಗಡಿಯಿಟ್ಟವರ ಹೊಟ್ಟೆಯ ಮೇಲೆ ಹೊಡೆದಂತಾಗದೆ ಎಂಬುದು ಮೊದಲನೆಯದು. ಈ ಆಕ್ಷೇಪ ತೂಕವುಳ್ಳದ್ದು. ಆದುದರಿಂದ ಸ್ವಯಂಸೇವಕರು ಹಣಕೊಡಬಲ್ಲವರ ಯಂತ್ರಗಳನ್ನು ಮುಟ್ಟದೆ, ಸರಕಾರೀ ಶಾಲೆ, ವಾಚನಾಲಯ, ಬಡ ವಿದ್ಯಾರ್ಥಿಗಳು, ಇವುಗಳಿಗೆ ಮಾತ್ರ ತಮ್ಮ ಸೇವೆಯನ್ನು ಮೀಸಲಿಡಬೇಕು. ಅಂಗಡಿಯವರನ್ನು ಎದುರಾಳಿಗಳೆಂದು ಎಣಿಸದೆ ಗುರುಗಳೆಂದು ಭಾವಿಸಿ ಕೂಟಕ್ಕೆ ಕರೆಯಬೇಕು. ವರ್ಷಾನುಗಟ್ಟಲೆ ಬೆಸುಗೆಯ ಕಡ್ಡಿ ಹಿಡಿದ ಕೈಗೆ ತಿಳಿದಿರುವಷ್ಟು ಪುಸ್ತಕಕ್ಕೆ ತಿಳಿದಿರುವುದಿಲ್ಲ. ಹಳೆಯ ಗಣಕವನ್ನು ಕೊಡುವವರ ಗುಟ್ಟುಗಳು ಬಯಲಾಗವೆ ಎಂಬುದು ಎರಡನೆಯದು. ಇದೂ ನಿಜ. ಕಡತವನ್ನು ಅಳಿಸಿದ ಮಾತ್ರಕ್ಕೆ ಅದು ಡಿಸ್ಕಿನಿಂದ ಪೂರ್ತಿಯಾಗಿ ಹೋಗಿರುವುದಿಲ್ಲ. ಕೊಡುವವರ ಕಣ್ಣಮುಂದೆಯೇ ಡಿಸ್ಕನ್ನು ತಕ್ಕ ತಂತ್ರಾಂಶದಿಂದ ಪೂರ್ತಿಯಾಗಿ ಒರೆಸುವುದು, ಇಲ್ಲವೆ ಡಿಸ್ಕನ್ನು ತೆಗೆದು ಅವರಿಗೇ ಹಿಂದಿರುಗಿಸುವುದು, ಸ್ವಯಂಸೇವಕರ ಮೊದಲ ಧರ್ಮವಾಗಿರಬೇಕು. ಮಕ್ಕಳ ಕೈಗೆ ಗಣಕ ಬಂದರೆ ಆಟದಲ್ಲಿಯೇ ಕಾಲ ಕಳೆಯುವರು ಎಂಬುದು ಮೂರನೆಯದು. ಮುಚ್ಚಿದ ಯಂತ್ರದ ಮುಂದೆ ಕುಳ್ಳಿರಿಸಿದರೆ ಆಟವೇ ಆಗುವುದು. ಅದನ್ನೇ ಬಿಚ್ಚಿ ಜೋಡಿಸಲು ಬಿಟ್ಟರೆ ಆ ಆಟವೇ ಪಾಠವಾಗುವುದು.

ಇನ್ನು ಮಾಡಬೇಕಾದ ಕ್ರಮವೇನು? ರಾಯಚೂರಿನಲ್ಲಿ ಗಣಕವಿದ್ಯೆಯನ್ನು ಕಲಿಯುತ್ತಿರುವ ತರುಣರು ತಿಂಗಳಿಗೊಂದು ಭಾನುವಾರ ಐದಾರು ಮಂದಿ ಕೂಡಿ ಬಸ್ಸು ಹತ್ತಿದರೆ ಸಾಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂದು ಹೆಸರಾಗಿವೆ. ಅವುಗಳಲ್ಲಿ ಅನೇಕಕ್ಕೆ ಗಣಕಗಳೂ ಬಂದಿವೆ. ಅಂಥ ಸ್ಥಳವೋ ಶಾಲೆಯ ಒಂದು ಕೋಣೆಯೋ ಕೂಟಕ್ಕೆ ಯೋಗ್ಯ. ಮುಖ್ಯೋಪಾಧ್ಯಾಯರ ಅಥವಾ ಪಂಚಾಯಿತಿಯವರ ಲಿಖಿತ ಒಪ್ಪಿಗೆ ಮೊದಲೇ ಪಡೆದಿರಬೇಕು. ತಿರುಪಿನ ಕೈಯಾಯುಧಗಳು, ಕುಂಚ, ನಾಣ್ಯದ ಬ್ಯಾಟರಿಗಳು, ಲಿನಕ್ಸ್ ತುಂಬಿದ ಒಂದು ಪೆನ್ ಡ್ರೈವ್, ಇಷ್ಟು ಒಂದು ಚೀಲದಲ್ಲಿ ಹಿಡಿಯುವುದು. ಬಿಡಿಭಾಗಗಳ ವೆಚ್ಚವನ್ನು ಊರಿನ ನಾಲ್ಕು ಮಂದಿ ಗೃಹಸ್ಥರು ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಪ್ರತಿಯೊಂದು ಯಂತ್ರದ ರೋಗವೇನು, ಕೊಟ್ಟ ಔಷಧವೇನು, ಎಂಬುದನ್ನು ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆದಿಡಬೇಕು. ಮುಂದೆ ಬರುವವರಿಗೆ ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ದೊರೆಯದು.

ಆದರೆ ಎಲ್ಲಕ್ಕೂ ಮುಖ್ಯವಾದ ನಿಯಮ ಒಂದಿದೆ. ಸ್ವಯಂಸೇವಕರು ಹೋಗಿ, ಹತ್ತು ಯಂತ್ರಗಳನ್ನು ಸರಿಪಡಿಸಿ, ಹಾರ ಹಾಕಿಸಿಕೊಂಡು ಹಿಂದಿರುಗಿದರೆ ಕೆಲಸ ಅರ್ಧವೂ ಆದಂತಲ್ಲ. ಮುಂದಿನ ಬೇಸಗೆಯ ಧೂಳಿಗೆ ಆ ಹತ್ತೂ ಮತ್ತೆ ನಿಲ್ಲುವುವು. ಕೋಣೆಗೆ ಮತ್ತೆ ಬೀಗ ಬೀಳುವುದು. ಪ್ರತಿಯೊಂದು ಯಂತ್ರದ ಪಕ್ಕದಲ್ಲಿ ಆ ಊರಿನ ಇಬ್ಬರು ಮಕ್ಕಳು, ಅವರಲ್ಲಿ ಒಬ್ಬಳಾದರೂ ಹುಡುಗಿ, ನಿಂತಿರಬೇಕು; ತಿರುಪು ಅವರ ಕೈಯಲ್ಲಿರಬೇಕು; ಬಲ್ಲವರು ಬಾಯಿಂದ ಮಾತ್ರ ದಾರಿ ತೋರಿಸಬೇಕು. ಕೆಲಸ ಸಾವಕಾಶವಾಗುವುದು, ಹತ್ತರ ಬದಲು ಮೂರೇ ಯಂತ್ರಗಳು ಏಳುವುವು. ಆದರೆ ಆ ಮೂರು ಮತ್ತೆ ನಿಂತಾಗ ರಾಯಚೂರಿನಿಂದ ಯಾರೂ ಬರಬೇಕಾಗುವುದಿಲ್ಲ. ನಾವು ಇದನ್ನು ವಿದ್ಯಾದಾನವೆಂದು ಕರೆದದ್ದು ಈ ಕಾರಣದಿಂದಲೇ.

ಈ ನೆಲಕ್ಕೆ ಇಂಥ ದಾನ ಹೊಸದಲ್ಲ. ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಹದಿನೆಂಟನೆಯ ಶತಮಾನದಲ್ಲಿ ಬಾಳಿದ್ದು ಈ ಊರುಗಳಲ್ಲಿಯೇ. ಸಂಸ್ಕೃತದ ಗ್ರಂಥಗಳಲ್ಲಿ ಪಂಡಿತರಿಗೆ ಮಾತ್ರ ಎಟಕುತ್ತಿದ್ದ ಶಾಸ್ತ್ರವನ್ನು ಕನ್ನಡದಲ್ಲಿ ಹಾಡಿ ಅವರು ಮನೆಮನೆಯ ಬಾಗಿಲಿಗೆ ಮುಟ್ಟಿಸಿದರು. ಜಗನ್ನಾಥದಾಸರ ಹರಿಕಥಾಮೃತಸಾರ ಇಂದಿಗೂ ಎಷ್ಟೋ ಮನೆಗಳಲ್ಲಿ ಹೆಂಗಸರ ಬಾಯಲ್ಲಿದೆ. ನಿಜಾಮರ ಆಳಿಕೆಯ ಕಾಲದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ್ದೂ ಇದೇ ಮನೋಧರ್ಮದಿಂದ. ಆಧ್ಯಾತ್ಮದ ಹಿರಿಮೆಗೆ ಯಂತ್ರವಿದ್ಯೆಯನ್ನು ಸಮವೆಂದು ನಾವು ಹೇಳುತ್ತಿಲ್ಲ. ಬಲ್ಲವರು ಬಲ್ಲದ್ದನ್ನು ಮುಚ್ಚಿಡದೆ, ಊರಿನ ನುಡಿಯಲ್ಲಿ, ಬಾಗಿಲವರೆಗೆ ತಂದು ಕೊಡುವ ರೂಢಿ ಈ ಸೀಮೆಯಲ್ಲಿ ಹಿಂದಿನಿಂದಲೂ ಇತ್ತೆಂದು ಮಾತ್ರ ನೆನಪಿಸುತ್ತಿರುವೆವು.

ನಮ್ಮ ವಾಚಕರಲ್ಲಿ ಹಲವರ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಹಳೆಯ ಗಣಕವೊಂದು ಬಟ್ಟೆ ಹೊದ್ದುಕೊಂಡು ಮಲಗಿರಬಹುದು. ಅದನ್ನು ಈ ವಾರ ಹೊರಕ್ಕೆ ತೆಗೆದು ಧೂಳು ಕೊಡಹಿರಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ, ಹತ್ತಿರದ ಸರಕಾರೀ ಶಾಲೆಯ ಉಪಾಧ್ಯಾಯರನ್ನು ಕಂಡು, ನಿಂತಿರುವ ಯಂತ್ರಗಳೆಷ್ಟೆಂದು ವಿಚಾರ ಮಾಡಿಕೊಂಡು ಬರಲು ಹೇಳಿರಿ. ದೇವದುರ್ಗದ ಒಂದು ಮಗುವಾದರೂ, ಮಾನ್ವಿಯ ಒಂದು ಮಗುವಾದರೂ, ತನ್ನ ಕೈಯಿಂದಲೇ ಸರಿಪಡಿಸಿದ ಗಣಕ ಬೆಳಗಿದುದನ್ನು ಕಂಡು ಹಿಗ್ಗಿದರೆ, ಆ ಮಗು ಮುಂದೆ ತಾಲೂಕು ಕಚೇರಿಯ ಕಿಟಕಿಯ ಮುಂದೆ ನಿಂತಾಗಲೂ ಅಂಜದು. ಏಕೆ ನಿಂತಿತೆಂದು ಧೈರ್ಯವಾಗಿ ಕೇಳುವುದು. ಅಷ್ಟಾದರೂ ಈ ಸೇವೆಯಿಂದ ಆಗಲೆಂದು ಹಾರೈಸಿ, ಈ ತಿಂಗಳ ಮಾತನ್ನು ಇಲ್ಲಿಗೆ ಮುಗಿಸುವೆವು.